ಇಲ್ಲದ ಕಾಲು ನೋಯುತ್ತೆ, ಕನ್ನಡಿ ತೋರಿಸಿದ್ರೆ ಕಡಿಮೆ ಆಗುತ್ತಾ?

ಇವತ್ತಿನ ವಿಷಯ ನೋವು. ಕಣ್ಣಿಗೆ ಏನಾದ್ರೂ ತೋರಿಸಿ ದೇಹದ ನೋವು ಕಡಿಮೆ ಮಾಡೋಕೆ ಆಗುತ್ತಾ ಅನ್ನೋದು ಪ್ರಶ್ನೆ.

ಇದರ ಒಂದು ಭಾಗ ನಮ್ಮ ಅಜ್ಜಿಯರಿಗೆ ಮೊದಲೇ ಗೊತ್ತಿತ್ತು. ಅಂಗನವಾಡಿಯಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸೋವಾಗ ಏನ್ ಮಾಡ್ತೀವಿ? ‘ಅಲ್ಲಿ ನೋಡು, ಕಾಗಿ ಬಂತು ಕಾಗಿ’ ಅಂತೀವಿ. ಮಗು ಆ ಕಡೆ ತಿರುಗೋದ್ರೊಳಗೆ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತೆ. ಈಗ ಕಾಗೆಯ ಜಾಗಕ್ಕೆ ಮೊಬೈಲ್ ಬಂದಿದೆ, ಅಷ್ಟೇ. 2012ರಲ್ಲಿ ಜರ್ಮನಿಯ ಸಂಶೋಧಕರು ಇದನ್ನೇ ಉಲ್ಟಾ ಮಾಡಿ ನೋಡಿದ್ರು. ಕೈಗೆ ಸಣ್ಣ ನೋವು ಕೊಡ್ತಾ, ಪರದೆಯ ಮೇಲೆ ಸೂಜಿ ಕೈಯನ್ನ ಚುಚ್ಚೋ ವಿಡಿಯೊ ತೋರಿಸಿದ್ರು. ಸೂಜಿ ನೋಡಿದವರಿಗೆ ಅದೇ ನೋವು ಹೆಚ್ಚು ಅಸಹನೀಯ ಅನ್ನಿಸ್ತು. ಅಂದ್ರೆ ಇಂಜೆಕ್ಷನ್ ಹಾಕುವಾಗ ಆ ಕಡೆ ಮುಖ ತಿರುಗಿಸೋದು ಹೇಡಿತನ ಏನಲ್ಲ. ಧೈರ್ಯವಾಗಿ ತಿರುಗಿಸಿ.

ದೊಡ್ಡ ಮಟ್ಟದಲ್ಲಿ ಇದನ್ನ ಬಳಸಿದ್ದು ಅಮೆರಿಕದ ಸಿಯಾಟಲ್‌ನಲ್ಲಿ, ಸುಟ್ಟಗಾಯದ ವಾರ್ಡಿನಲ್ಲಿ. ಸುಟ್ಟಗಾಯದ ಡ್ರೆಸಿಂಗ್ ಬದಲಿಸೋದು ಎಂಥಾ ನರಕ ಅಂತ ನೋಡಿದವರಿಗೆ ಗೊತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ರೋಗಿಗಳ ತಲೆಗೆ ವಿಆರ್ ಹೆಡ್‌ಸೆಟ್ ಹಾಕಿದ್ರು. ಒಳಗೆ ‘ಸ್ನೋ ವರ್ಲ್ಡ್’ ಅಂತ ಒಂದು ಆಟ: ಹಿಮದ ಕಣಿವೆ, ಪೆಂಗ್ವಿನ್‌ಗಳು, ಹಿಮದ ಉಂಡೆ ಎಸೀತಾ ಹೋಗೋದು. ಆಟ ಆಡ್ತಾ ಇದ್ದವರು ನೋವು ಕಡಿಮೆ ಅಂತ ಹೇಳಿದ್ರು. ಬಾಯಿಮಾತನ್ನ ಮಾತ್ರ ನಂಬೋದು ಹೇಗೆ ಅಂತ, 2004ರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಸ್ವಲ್ಪ ಬಿಸಿಯ ನೋವು ಕೊಟ್ಟು ಮಿದುಳನ್ನೇ ಸ್ಕ್ಯಾನ್ ಮಾಡಿದ್ರು. ನೋವಿಗೆ ಸಂಬಂಧಪಟ್ಟ ಭಾಗಗಳ ಚಟುವಟಿಕೆ ನಿಜವಾಗ್ಲೂ ಇಳಿದಿತ್ತು.

ಇದು ಗಮನ ಬೇರೆ ಕಡೆ ಎಳೆಯೋ ದಾರಿ. ಒಳ್ಳೇದೇ. ಆದ್ರೆ ಹೆಡ್‌ಸೆಟ್ ತೆಗೆದ ಮೇಲೆ ನೋವು ವಾಪಸ್ ಬರುತ್ತೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಇನ್ನೊಂದು ದಾರಿ. ಅದಕ್ಕೆ ಹೆಡ್‌ಸೆಟ್ ಬೇಡ, ನೆಟ್‌ವರ್ಕ್ ಬೇಡ, ಕರೆಂಟೂ ಬೇಡ. ಒಂದು ಕನ್ನಡಿ ಸಾಕು. ಮತ್ತೆ ಇದು ಬೇಕಾಗಿರೋದು ನಮ್ಮ ಕಡೆಯ ಹಳ್ಳಿಗಳಿಗೇ.

ಗೋರ್ಟಾ (ಬಿ)ಯನ್ನೇ ತಗೊಳ್ಳಿ. ಬೀದರ್ ಜಿಲ್ಲೆ, ಬಸವಕಲ್ಯಾಣ-ಹುಮನಾಬಾದ್ ಸೀಮೆ. ಗೋರ್ಟಾ ಅಂದ ಕೂಡಲೇ ಹೊರಗಿನವರಿಗೆ 1948ರ ರಜಾಕಾರರ ಹತ್ಯಾಕಾಂಡ, ಹುತಾತ್ಮರ ಸ್ಮಾರಕ ನೆನಪಾಗುತ್ತೆ. ಅದು ಬೇರೆಯೇ ಒಂದು ಸಂಚಿಕೆಯ ವಿಷಯ. ಇವತ್ತು ಅಲ್ಲಿನ ದಿನನಿತ್ಯದ ಬದುಕು ನೋಡಿ. ತೊಗರಿ, ಸೋಯಾ, ಉದ್ದು, ಹೆಸರು, ಕಬ್ಬು. ಅಂದ್ರೆ ರಾಶಿ ಮಷೀನು, ಮೇವು ಕತ್ತರಿಸೋ ಮಷೀನು, ಕಬ್ಬಿನ ಗಾಣ, ಓವರ್‌ಲೋಡ್ ಟ್ರ್ಯಾಕ್ಟರ್. ಹುಮನಾಬಾದ್ ಮೇಲೆ ಹೋಗೋ ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ರಾತ್ರಿ ಹಗಲು ಲಾರಿ, ನಡುವೆ ಹೆಲ್ಮೆಟ್ ಇಲ್ಲದ ಬೈಕು. ಇದರ ಜೊತೆ ಸಕ್ಕರೆ ಕಾಯಿಲೆ. ಕಾಲಿಗೆ ಒಂದು ಸಣ್ಣ ಗುಳ್ಳೆ ಆಗಿರುತ್ತೆ, ಸ್ಪರ್ಶ ಗೊತ್ತಾಗಲ್ಲ, ಕೊಳೆಯುತ್ತೆ, ಕೊನೆಗೆ ಕಾಲು ತೆಗೀಬೇಕು ಅಂತಾರೆ. ಇಂಥ ಸೀಮೆಯಲ್ಲಿ ಕೈಯೋ ಕಾಲೋ ಕಳೆದುಕೊಂಡ ಒಬ್ಬರಾದ್ರೂ ನಿಮಗೆ ಗೊತ್ತಿರೋರು ಇದ್ದೇ ಇರ್ತಾರೆ. ಒಂದ್ ನಿಮಿಷ ಅವರ ಮುಖ ನೆನಪು ಮಾಡಿಕೊಳ್ಳಿ.

ಅವರಿಗೆ ನಾವು ಏನ್ ಕೇಳ್ತೀವಿ? ಗಾಯ ಮಾಗಿತಾ, ಪಿಂಚಣಿ ಬಂತಾ, ಕೃತಕ ಕಾಲು ಹಾಕಿಸಿದ್ರಾ. 1968ರಲ್ಲಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಥಿ ರೂಪಿಸಿದ ಜೈಪುರ ಕಾಲಿನಿಂದಾಗಿ ಲಕ್ಷಾಂತರ ಜನ ಮತ್ತೆ ನಡೆದಿದ್ದಾರೆ, ಅದು ದೊಡ್ಡ ಕೆಲಸ. ಆದ್ರೆ ಒಂದು ಪ್ರಶ್ನೆ ಯಾರೂ ಕೇಳಲ್ಲ: ಹೋದ ಕಾಲು ಈಗಲೂ ನೋಯುತ್ತಾ?

ನೋಯುತ್ತೆ. ಮೊಂಡಾದ ಜಾಗ ಮಾತ್ರ ಅಲ್ಲ, ಅದರಾಚೆ, ಏನೂ ಇಲ್ಲದ ಜಾಗದಲ್ಲಿ. ಇಲ್ಲದ ಹೆಬ್ಬೆರಳು ಉರಿಯುತ್ತೆ. ಇಲ್ಲದ ಪಾದ ತಿರುಚಿಕೊಂಡ ಹಾಗೆ ಆಗುತ್ತೆ. ಇಲ್ಲದ ಕೈಯ ಮುಷ್ಟಿ ಬಿಗಿದು ಉಗುರು ಅಂಗೈಗೆ ಚುಚ್ಚಿದ ಹಾಗೆ, ಬಿಚ್ಚೋಕೆ ಆಗದ ಹಾಗೆ. ಡಾಕ್ಟರ್‌ಗಳು ಇದಕ್ಕೆ ಫ್ಯಾಂಟಮ್ ಲಿಂಬ್ ಪೇನ್ ಅಂತಾರೆ. ಮಾಯಾ ಅಂಗದ ನೋವು ಅನ್ನೋಣ. ಕೈಕಾಲು ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಒಂದಲ್ಲ ಒಂದು ಹಂತದಲ್ಲಿ ಕಾಡುತ್ತೆ. ಕೆಲವರಿಗೆ ವರ್ಷಗಟ್ಟಲೆ.

ಈಗ ಯೋಚಿಸಿ. ಇದನ್ನ ಮನೆಯಲ್ಲಿ ಹೇಳಿದ್ರೆ ಏನಾಗುತ್ತೆ? ‘ಇಲ್ಲದ ಕಾಲು ಹೆಂಗ ನೋಯ್ತದ? ತಲಿ ಕೆಟ್ಟದೇನು?’ ಅಂತಾರೆ. ಇಲ್ಲಾ ಅಂದ್ರೆ ಗಾಳಿ ಸೋಕಿದೆ, ಕತ್ತರಿಸಿದ ಕಾಲನ್ನ ಸರಿಯಾಗಿ ಮಣ್ಣು ಮಾಡಿಲ್ಲ ಅಂತ ಯಾರನ್ನೋ ಹುಡುಕಿಕೊಂಡು ಹೋಗ್ತಾರೆ. ಹಾಗಾಗಿ ಎಷ್ಟೋ ಜನ ಬಾಯೇ ಬಿಡಲ್ಲ. ರಾತ್ರಿ ಎದ್ದು ಕೂತು, ಒಬ್ಬರೇ ಹಲ್ಲು ಕಚ್ಚಿಕೊಂಡು ಸಹಿಸ್ತಾರೆ. ನನ್ನ ಪ್ರಕಾರ ನೋವಿಗಿಂತ ಕೆಟ್ಟದ್ದು ಇದು, ಹೇಳಿಕೊಳ್ಳೋಕೆ ನಾಚಿಕೆ ಪಡಬೇಕಾದ ನೋವು.

ಇದಕ್ಕೆ ನಾಚಿಕೆ ಪಡೋದು ಏನೂ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸಾವಿರಾರು ಸೈನಿಕರ ಕೈಕಾಲು ಹೋಯ್ತಲ್ಲ, ಆಗ ಅವರನ್ನ ನೋಡಿಕೊಂಡ ಸೈಲಸ್ ವಿಯರ್ ಮಿಚೆಲ್ ಅನ್ನೋ ವೈದ್ಯ 1870ರ ದಶಕದ ಶುರುವಿನಲ್ಲೇ ಇದಕ್ಕೆ ಫ್ಯಾಂಟಮ್ ಲಿಂಬ್ ಅಂತ ಹೆಸರು ಕೊಟ್ಟ. 150 ವರ್ಷದಿಂದ ವೈದ್ಯಶಾಸ್ತ್ರದಲ್ಲಿ ದಾಖಲಾಗಿರೋ ಸಂಗತಿ ಇದು.

ಯಾಕೆ ಹೀಗಾಗುತ್ತೆ? ನಮ್ಮ ಮಿದುಳಿನಲ್ಲಿ ಇಡೀ ದೇಹದ್ದೊಂದು ನಕ್ಷೆ ಇದೆ. ಕೈಗೆ ಇಷ್ಟು ಜಾಗ, ತುಟಿಗೆ ಇಷ್ಟು ಜಾಗ, ಪಾದಕ್ಕೆ ಇಷ್ಟು ಅಂತ. ಅಪಘಾತದಲ್ಲಿ ಕಾಲು ಹೋಗುತ್ತೆ, ಆದ್ರೆ ನಕ್ಷೆಯಲ್ಲಿ ಕಾಲಿನ ಜಾಗ ಹೋಗಲ್ಲ. ಹೊಲ ಮಾರಿ ಎಷ್ಟೋ ವರ್ಷ ಆದ್ರೂ ಪಹಣಿಯಲ್ಲಿ ಹಳೇ ಹೆಸರೇ ಇರುತ್ತಲ್ಲ, ಹಾಗೆ. ಮಿದುಳು ಆ ಕಾಲಿಗೆ ಆದೇಶ ಕಳಿಸ್ತಾನೇ ಇರುತ್ತೆ: ಅಲುಗಾಡು, ಬಿಚ್ಚು, ಮಡಚು. ಆ ಕಡೆಯಿಂದ ಉತ್ತರ ಬರಲ್ಲ. ಕತ್ತರಿಸಿದ ನರದ ತುದಿಗಳು ಬೇರೆ ಸುಮ್ನೆ ಕೂರಲ್ಲ, ಗಂಟುಗಟ್ಟಿಕೊಂಡು ತಪ್ಪು ಸಂದೇಶ ಕಳಿಸ್ತಾ ಇರ್ತವೆ. ಒಟ್ಟಿನಲ್ಲಿ ನೋವು ಹುಟ್ಟುತ್ತೆ. ಕಾಲು ಇಲ್ಲ ಅನ್ನೋದು ನಿಜ, ನೋವು ಇದೆ ಅನ್ನೋದೂ ಅಷ್ಟೇ ನಿಜ.

ಇಲ್ಲಿಗೆ ಬರ್ತಾರೆ ವಿ.ಎಸ್. ರಾಮಚಂದ್ರನ್. ತಮಿಳುನಾಡಿನವರು, ಮದ್ರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಲ್ಲಿ ಓದಿದವರು, ಆಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ನರವಿಜ್ಞಾನಿ. 1990ರ ದಶಕದಲ್ಲಿ ಅವರ ಹತ್ತಿರ ಒಬ್ಬ ಬಂದ. ಹತ್ತು ವರ್ಷದ ಹಿಂದೆ ಬೈಕ್ ಅಪಘಾತ ಆಗಿ ತೋಳಿನ ನರಗಳು ಕಿತ್ತು ಹೋಗಿದ್ವು, ಆಮೇಲೆ ಕೈಯನ್ನೇ ತೆಗೆದಿದ್ರು. ಇಲ್ಲದ ಕೈ ಒಂದೇ ಭಂಗಿಯಲ್ಲಿ ಹೆಪ್ಪುಗಟ್ಟಿದ ಹಾಗೆ ಇತ್ತು, ವಿಪರೀತ ನೋವು. ರಾಮಚಂದ್ರನ್ ಮಾಡಿದ್ದೇನು ಅಂದ್ರೆ, ಒಂದು ರಟ್ಟಿನ ಡಬ್ಬಿ ತಗೊಂಡು ಮಧ್ಯದಲ್ಲಿ ಕನ್ನಡಿ ನಿಲ್ಲಿಸಿದ್ರು. ಇರೋ ಕೈಯನ್ನ ಕನ್ನಡಿಯ ಮುಂದೆ ಇಡು, ಇಲ್ಲದ ಕೈ ಕನ್ನಡಿಯ ಹಿಂದೆ ಇದೆ ಅಂದುಕೋ, ಈಗ ಕನ್ನಡಿ ನೋಡ್ತಾ ಎರಡೂ ಕೈ ಒಟ್ಟಿಗೆ ಅಲುಗಾಡಿಸು ಅಂದ್ರು.

ಕನ್ನಡಿಯಲ್ಲಿ ಎಡಗೈ ಬಲಗೈ ಆಗುತ್ತಲ್ಲ! ಹತ್ತು ವರ್ಷದಿಂದ ಕಾಣದ ಕೈ ಅವನ ಕಣ್ಣ ಮುಂದೆ ಬಂತು, ಅಲುಗಾಡ್ತು. ಅಲುಗಾಡಿದ್ದು ಅನುಭವಕ್ಕೂ ಬಂತು. ಕಣ್ಣು ಮುಚ್ಚಿದ್ರೆ ಮತ್ತೆ ಹೆಪ್ಪುಗಟ್ತು. ತೆರೆದ್ರೆ ಅಲುಗಾಡ್ತು. ಡಬ್ಬಿಯನ್ನ ಮನೆಗೆ ಕೊಟ್ಟು ಕಳಿಸಿದ್ರು. ಕೆಲವು ವಾರ ಅಭ್ಯಾಸ ಮಾಡಿದ ಮೇಲೆ ಆ ಮಾಯಾ ತೋಳೇ ಬಹುಪಾಲು ಮಾಯ ಆಗೋಯ್ತು, ಅದರ ಜೊತೆ ಮೊಣಕೈ ನೋವೂ ಹೋಯ್ತು. ಕತ್ತರಿ ಇಲ್ಲದೆ, ಔಷಧಿ ಇಲ್ಲದೆ. ಮಿದುಳು ಕೇಳ್ತಾ ಇದ್ದ ಉತ್ತರವನ್ನ ಕಣ್ಣು ಕೊಡ್ತು ಅಂತ ರಾಮಚಂದ್ರನ್ ವಿವರಣೆ. ಈ ವಿವರಣೆಯನ್ನ ಎಲ್ಲ ವಿಜ್ಞಾನಿಗಳೂ ಒಪ್ಪಲ್ಲ, ವಾದ ಇನ್ನೂ ನಡೀತಿದೆ.

ಒಬ್ಬನ ಕಥೆ ಕೇಳಿ ನಂಬಬೇಡಿ. ವಾಟ್ಸಾಪ್‌ನಲ್ಲಿ ಒಬ್ಬೊಬ್ಬರ ಕಥೆ ಹೇಳಿ ಏನು ಬೇಕಾದ್ರೂ ಮಾರಬಹುದು. ಪರೀಕ್ಷೆ ಆಯ್ತಾ ಅಂತ ಕೇಳಬೇಕು.

ಆಯ್ತು. ಅಮೆರಿಕದ ಸೇನೆಯ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ಜಾಕ್ ತ್ಸಾವೊ ಮತ್ತು ಸಂಗಡಿಗರು ಕಾಲು ಕಳೆದುಕೊಂಡವರನ್ನ ಮೂರು ಗುಂಪು ಮಾಡಿದ್ರು. 2007ರಲ್ಲಿ ಫಲಿತಾಂಶ ಬಂತು. ಒಂದು ಗುಂಪು ಕನ್ನಡಿ ನೋಡ್ತಾ ಇಲ್ಲದ ಕಾಲನ್ನ ಅಲುಗಾಡಿಸೋದು. ಎರಡನೇ ಗುಂಪಿಗೂ ಕನ್ನಡಿ ಇತ್ತು, ಆದ್ರೆ ಬಟ್ಟೆ ಮುಚ್ಚಿದ್ರು. ಮೂರನೆಯವರು ಕಣ್ಣು ಮುಚ್ಚಿ ಮನಸ್ಸಲ್ಲೇ ಕಾಲು ಅಲುಗಾಡಿಸೋದು. ದಿನಕ್ಕೆ 15 ನಿಮಿಷ, ನಾಲ್ಕು ವಾರ. ಕೊನೆವರೆಗೂ ಉಳಿದವರು 18 ಜನ, ಗುಂಪಿಗೆ ಆರು. ಕನ್ನಡಿ ನೋಡಿದ ಆರಕ್ಕೆ ಆರೂ ಜನ ನೋವು ಕಡಿಮೆ ಆಯ್ತು ಅಂದ್ರು. ಮುಚ್ಚಿದ ಕನ್ನಡಿಯವರಲ್ಲಿ ಒಬ್ಬರಿಗೆ ಮಾತ್ರ. ಮನಸ್ಸಲ್ಲಿ ಕಲ್ಪಿಸಿಕೊಂಡವರಲ್ಲಿ ಇಬ್ಬರಿಗೆ, ಉಳಿದ ನಾಲ್ವರಿಗೆ ನೋವು ಜಾಸ್ತಿನೇ ಆಯ್ತು. ಆಮೇಲೆ ಈ ಎರಡು ಗುಂಪಿನ ಒಂಬತ್ತು ಜನರಿಗೆ ನಿಜವಾದ ಕನ್ನಡಿ ಕೊಟ್ಟಾಗ ಎಂಟು ಜನರಿಗೆ ಇಳೀತು.

ಆ ಮುಚ್ಚಿದ ಕನ್ನಡಿ ನನಗೆ ಬಹಳ ಇಷ್ಟ ಆಯ್ತು. ಕನ್ನಡಿ ಇದೆ ಅನ್ನೋ ನಂಬಿಕೆಯಿಂದಲೇ ನೋವು ಹೋಗೋದಾದ್ರೆ ಅವರಿಗೂ ಹೋಗಬೇಕಿತ್ತು. ಹೋಗ್ಲಿಲ್ಲ. ಕಣ್ಣಿಗೆ ಕಾಣಬೇಕು.

ಹದಿನೆಂಟು ಅಂದ್ರೆ ಸಣ್ಣ ಸಂಖ್ಯೆ, ಒಪ್ಪಿದೆ. ಅದಾದ ಮೇಲೆ ಬಂದ ಎಲ್ಲಾ ಅಧ್ಯಯನಗಳೂ ಇಷ್ಟು ಚಂದದ ಫಲಿತಾಂಶ ಕೊಟ್ಟಿಲ್ಲ. ಕೆಲವರಿಗೆ ಏನೂ ಆಗಲ್ಲ. ಆದ್ರೆ ಖರ್ಚಿಲ್ಲದ, ಅಪಾಯ ಕಡಿಮೆ ಇರೋ ಒಂದು ಪ್ರಯತ್ನವನ್ನ ಜನರಿಗೆ ಹೇಳದೇ ಇರೋಕೆ ಅದು ಕಾರಣ ಆಗಬಾರದು.

ನಮ್ಮ ಹಳ್ಳಿಗಳಿಗೆ ಹತ್ತಿರದ ಉದಾಹರಣೆ ಅಮೆರಿಕದ್ದಲ್ಲ, ಕಾಂಬೋಡಿಯಾದ್ದು. ಅಲ್ಲಿ ಯುದ್ಧ ಮುಗಿದ ಮೇಲೂ ಹೊಲದಲ್ಲಿ ನೆಲಬಾಂಬ್‌ಗಳು ಉಳಿದ್ವು, ನೇಗಿಲು ಹೊಡೆಯೋ ರೈತರ ಕಾಲು ಹೋದ್ವು. ಸ್ಟೀಫನ್ ಸಮ್ನರ್ ಅಂತ ಕೆನಡಾದವರು, ಅಪಘಾತದಲ್ಲಿ ತಮ್ಮದೇ ಒಂದು ಕಾಲು ಕಳೆದುಕೊಂಡವರು. ಮಾಯಾ ನೋವಿನಿಂದ ನರಳಿ, ಕನ್ನಡಿಯಿಂದ ಚೇತರಿಸಿಕೊಂಡವರು. ಅವರು ಏನ್ ಮಾಡಿದ್ರು ಗೊತ್ತಾ? ಸೈಕಲ್ಲಿನ ಹಿಂದೆ ಕನ್ನಡಿಗಳನ್ನ ಕಟ್ಟಿಕೊಂಡು ಕಾಂಬೋಡಿಯಾದ ಹಳ್ಳಿ ಹಳ್ಳಿ ತಿರುಗಿದ್ರು. ಕೃತಕ ಕಾಲಿನ ಮನುಷ್ಯ ಸೈಕಲ್ ತುಳಿದುಕೊಂಡು ಬಂದು, ಇನ್ನೊಬ್ಬ ಕಾಲಿಲ್ಲದವನ ಮುಂದೆ ಕೂತು, ಹೀಗೆ ಮಾಡು ಅಂತ ತೋರಿಸೋದು. ಅಲ್ಲೇ ನೆಲಬಾಂಬ್‌ನಿಂದ ಕಾಲು ಹೋದ 45 ಜನರ ಮೇಲೆ ಒಂದು ಅಧ್ಯಯನವೂ ಆಗಿ 2018ರಲ್ಲಿ ಪ್ರಕಟ ಆಯ್ತು. ಕೆಲವರಿಗೆ ಕನ್ನಡಿ, ಕೆಲವರಿಗೆ ಮೊಂಡಾದ ಭಾಗಕ್ಕೆ ಸ್ಪರ್ಶದ ಚಿಕಿತ್ಸೆ, ಇನ್ನು ಕೆಲವರಿಗೆ ಎರಡೂ. ಮೂರೂ ಗುಂಪಿನಲ್ಲಿ ನೋವು ಇಳೀತು, ಎರಡೂ ಮಾಡಿದವರಿಗೆ ಹೆಚ್ಚು ಲಾಭ ಆಯ್ತು. ಕಾಂಬೋಡಿಯಾದ ರೈತನಿಗೆ ಆಗಿದ್ದು ಬಸವಕಲ್ಯಾಣದ ರೈತನಿಗೆ ಯಾಕೆ ಆಗಬಾರದು?

ಸರಿ, ಮನೇಲಿ ಹೇಗೆ ಮಾಡೋದು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಬೇಕಾದ್ರೆ ಹಿಂದೆ ಹೋಗಿ ಮತ್ತೆ ಕೇಳಿ.

ಮೊದಲು ಗಾಯ ಪೂರ್ತಿ ಮಾಗಿರಬೇಕು, ಡಾಕ್ಟರ್ ಅಥವಾ ಫಿಸಿಯೊಥೆರಪಿಸ್ಟ್ ಹತ್ತಿರ ಒಂದು ಮಾತು ಕೇಳಿರಬೇಕು. ಕನ್ನಡಿ ದೊಡ್ಡದಿರಲಿ, ಮೊಣಕಾಲಿಂದ ಪಾದದವರೆಗೆ ಕಾಣೋ ಅಷ್ಟು. ಫೋಟೊ ಫ್ರೇಮ್ ಅಂಗಡಿಯಲ್ಲಿ ಸಿಗುತ್ತೆ. ಗಾಜಿನ ಅಂಚು ಕೊಯ್ಯುತ್ತೆ, ಫ್ರೇಮ್ ಇರಲಿ, ಇಲ್ಲಾಂದ್ರೆ ಸುತ್ತ ದಪ್ಪ ಟೇಪ್ ಸುತ್ತಿ. ಸಕ್ಕರೆ ಕಾಯಿಲೆಯವರು ಈ ಮಾತನ್ನ ಲಘುವಾಗಿ ತಗೋಬೇಡಿ, ಇರೋ ಕಾಲಿಗೆ ಗಾಯ ಆದ್ರೆ ಕಥೆ ಬೇರೆ ಆಗುತ್ತೆ.

ಮಂಚದ ಮೇಲೆ ಕಾಲು ಚಾಚಿ ಕೂತ್ಕೊಳ್ಳಿ. ಎರಡೂ ಕಾಲಿನ ನಡುವೆ ಕನ್ನಡಿಯನ್ನ ಉದ್ದಕ್ಕೆ ನಿಲ್ಲಿಸಿ, ಹೊಳೆಯೋ ಮುಖ ಇರೋ ಕಾಲಿನ ಕಡೆಗೆ. ಮೊಂಡಾದ ಕಾಲು ಕನ್ನಡಿಯ ಹಿಂದೆ, ಕಣ್ಣಿಗೆ ಬೀಳಬಾರದು. ಇರೋ ಕಾಲಿನಲ್ಲಿ ಕಾಲುಂಗುರ, ಗೆಜ್ಜೆ, ದಾರ ಇದ್ರೆ ತೆಗೀರಿ. ಕೈ ಆದ್ರೆ ಬಳೆ, ವಾಚು, ಉಂಗುರ. ಇದು ಸಣ್ಣ ವಿಷಯ ಅನ್ನಿಸುತ್ತೆ, ಆದ್ರೆ ಬಲಗೈಗೆ ಯಾವತ್ತೂ ವಾಚ್ ಕಟ್ಟದವನಿಗೆ ಕನ್ನಡಿಯಲ್ಲಿ ಬಲಗೈಗೆ ವಾಚ್ ಕಂಡ್ರೆ ‘ಇದು ನನ್ನ ಕೈಯಲ್ಲ’ ಅಂತ ಮಿದುಳು ಅಲ್ಲೇ ಕೈಬಿಡಬಹುದು. ಈಗ ಸ್ವಲ್ಪ ಬಾಗಿ ಕನ್ನಡಿ ನೋಡಿ. ಎರಡು ಕಾಲು ಕಾಣುತ್ತೆ. ಪಾದ ಮೇಲೆ ಕೆಳಗೆ, ಬೆರಳು ಮಡಚಿ ಬಿಚ್ಚಿ, ಕಣಕಾಲು ಸುತ್ತಿಸಿ, ನಿಧಾನಕ್ಕೆ. ಇಲ್ಲದ ಕಾಲಿಗೂ ಅದೇ ಆದೇಶ ಕೊಡಿ. ಮಾಯಾ ಪಾದ ಹೇಗೆ ತಿರುಚಿಕೊಂಡಿದೆಯೋ, ಮೊದಲು ಇರೋ ಪಾದವನ್ನ ಅದೇ ಭಂಗಿಗೆ ತಂದು, ಆಮೇಲೆ ಮೆಲ್ಲಗೆ ಸಡಿಲ ಮಾಡೋದು ಕೆಲವರಿಗೆ ಸಹಾಯ ಆಗುತ್ತೆ. ದಿನಕ್ಕೆ 15 ನಿಮಿಷ. ಪಕ್ಕದಲ್ಲಿ ಟಿವಿ ಬೇಡ, ಮಾತು ಬೇಡ, ಫೋನೂ ಬೇಡ. ಈ ಪಾಡ್‌ಕಾಸ್ಟ್ ಕೂಡ ಬೇಡ!

ಮೊದಲ ಸಲ ಕೂತಾಗ ಯಾರಾದ್ರೂ ಮನೆಯವರು ಜೊತೆಗಿರಲಿ. ಹೋದ ಕಾಲನ್ನ ಇಡೀ ಕಾಲಾಗಿ ಮತ್ತೆ ನೋಡೋದು ಸಣ್ಣ ಮಾತಲ್ಲ. ಕೆಲವರು ಅಳ್ತಾರೆ. ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತೆ. ಹಾಗಾದ್ರೆ ನಿಲ್ಲಿಸಿ, ನಾಳೆ ಐದು ನಿಮಿಷ ನೋಡಿ. ನೋವು ಹೆಚ್ಚಾಗ್ತಾ ಹೋದ್ರೆ ಬಿಟ್ಟುಬಿಡಿ, ಡಾಕ್ಟರ್ ಹತ್ತಿರ ಹೇಳಿ. ದುಃಖ ತಡೆಯೋಕೆ ಆಗ್ತಿಲ್ಲ ಅನ್ನಿಸಿದ್ರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎರಡೂ ಕಾಲು ಇಲ್ಲದವರು ಏನ್ ಮಾಡಬೇಕು? ಕನ್ನಡಿಯಲ್ಲಿ ತೋರಿಸೋಕೆ ಕಾಲೇ ಇಲ್ಲ. ಅವರಿಗಾಗಿ ತ್ಸಾವೊ ತಂಡದವರೇ ಇನ್ನೊಂದು ನೋಡಿದ್ರು: ಎದುರಿಗೆ ಕೂತ ಇನ್ನೊಬ್ಬರು ತಮ್ಮ ಕಾಲು ಅಲುಗಾಡಿಸೋದು, ಇವರು ಅದನ್ನ ನೋಡ್ತಾ ತಮ್ಮ ಇಲ್ಲದ ಕಾಲುಗಳನ್ನ ಅಲುಗಾಡಿಸೋದು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೋವು ಇಳೀತು. ಮಗನೋ ಮಗಳೋ ಎದುರಿಗೆ ಕೂತು ಕಾಲು ಆಡಿಸೋದು, ಅಷ್ಟೇ.

ಇನ್ನೊಂದು ಪ್ರಯೋಗ ಹೇಳಲೇಬೇಕು, ಯಾಕಂದ್ರೆ ‘ಇದೆಲ್ಲಾ ಮನಸ್ಸಿನ ಭ್ರಮೆ’ ಅನ್ನೋರಿಗೆ ಇದು ಉತ್ತರ. 2008ರಲ್ಲಿ ಲೋರಿಮರ್ ಮೋಸ್ಲಿ ಮತ್ತು ಸಂಗಡಿಗರು, ಒಂದು ಕೈಯಲ್ಲಿ ದೀರ್ಘಕಾಲದ ನೋವು ಇದ್ದ ಹತ್ತು ಜನರಿಗೆ ದುರ್ಬೀನು ಕೊಟ್ಟು ತಮ್ಮ ಕೈಯನ್ನೇ ನೋಡ್ತಾ ಅಲುಗಾಡಿಸಿ ಅಂದ್ರು. ಕೈ ದೊಡ್ಡದಾಗಿ ಕಂಡಾಗ ನೋವು ಹೆಚ್ಚಾಯ್ತು. ದುರ್ಬೀನು ತಿರುಗಿಸಿ ಹಿಡಿದು, ಕೈ ಸಣ್ಣದಾಗಿ ದೂರ ಕಂಡಾಗ ನೋವು ಕಡಿಮೆ ಆಯ್ತು. ಅಷ್ಟೇ ಆಗಿದ್ರೆ ಬಿಡಿ ಅನ್ನಬಹುದಿತ್ತು. ಆದ್ರೆ ಬೆರಳಿನ ಬಾವು ಕೂಡ ಅಳತೆ ಮಾಡಿದ್ರು, ಅದೂ ಕಡಿಮೆ ಇತ್ತು. ಬಾವು ಸುಳ್ಳು ಹೇಳೋದಿಲ್ವಲ್ಲ.

ಹಾಗಂತ ಕಣ್ಣಿಂದ ಎಲ್ಲಾ ನೋವು ಓಡಿಸಬಹುದು ಅಂತ ಹೊರಡಬೇಡಿ. ಎದೆನೋವು ಬಂದಾಗ ವಿಡಿಯೊ ನೋಡ್ತಾ ಮಲಗೋದಲ್ಲ, 108ಕ್ಕೆ ಫೋನ್ ಮಾಡೋದು. ಮೊಂಡಾದ ಜಾಗ ಕೆಂಪಾಗಿದೆ, ಬಿಸಿಯಾಗಿದೆ, ಕೀವು ಬರ್ತಿದೆ ಅಂದ್ರೆ ಅದು ಸೋಂಕು, ಕನ್ನಡಿ ಪಕ್ಕಕ್ಕಿಡಿ, ಆಸ್ಪತ್ರೆಗೆ ಹೋಗಿ. ನರದ ನೋವಿಗೆ ಡಾಕ್ಟರ್ ಮಾತ್ರೆ ಕೊಟ್ಟಿದ್ರೆ ಕನ್ನಡಿ ಸಿಕ್ತು ಅಂತ ತಾವೇ ನಿಲ್ಲಿಸಬೇಡಿ. ಮತ್ತೆ ರೀಲ್ಸ್ ನೋಡೋದನ್ನ ಚಿಕಿತ್ಸೆ ಅಂತ ಕರೆಯೋಕೆ ನಾನು ತಯಾರಿಲ್ಲ. ಐದು ನಿಮಿಷದ ಡ್ರೆಸಿಂಗ್‌ಗೆ ಸರಿ, ಐದು ವರ್ಷದ ನೋವಿಗೆ ಅಲ್ಲ.

ನಮ್ಮ ಜಿಲ್ಲಾ ಆಸ್ಪತ್ರೆ, ತಾಲೂಕು ಆಸ್ಪತ್ರೆಗಳಲ್ಲಿ ಕಾಲು ತೆಗೆದ ಮೇಲೆ ಡಿಸ್ಚಾರ್ಜ್ ಚೀಟಿಯಲ್ಲಿ ಎರಡು ಸಾಲು ಬರೆದ್ರೆ ಸಾಕು: ‘ಹೋದ ಕಾಲು ನೋಯಬಹುದು. ಅದು ಹುಚ್ಚಲ್ಲ, ಬಂದು ಹೇಳಿ.’ ಕೃತಕ ಕಾಲಿನ ಶಿಬಿರ ನಡೆಸೋ ಸಂಘ ಸಂಸ್ಥೆಗಳು ಕಾಲಿನ ಜೊತೆ ಒಂದು ಕನ್ನಡಿ ಕೊಡಬಹುದು. ಆಶಾ ಕಾರ್ಯಕರ್ತೆಯರಿಗೆ ಅರ್ಧ ಗಂಟೆಯಲ್ಲಿ ಇದನ್ನ ಕಲಿಸಬಹುದು, ಆದ್ರೆ ಅವರ ತಲೆ ಮೇಲೆ ಈಗಾಗ್ಲೇ ಹೊರಿಸಿರೋ ಕೆಲಸ ನೋಡಿದ್ರೆ ಹೇಳೋಕೂ ಸಂಕೋಚ ಆಗುತ್ತೆ.

ಶುರುವಿನಲ್ಲಿ ಒಬ್ಬರ ಮುಖ ನೆನಪು ಮಾಡಿಕೊಳ್ಳಿ ಅಂದಿದ್ದೆ. ಅವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲದೇ ಇರಬಹುದು. ಲಿಂಕ್ ಫಾರ್ವರ್ಡ್ ಮಾಡಿದ್ರೆ ಅವರಿಗೆ ಮುಟ್ಟಲ್ಲ. ಸಂಜೆ ಕಟ್ಟೆ ಮೇಲೆ ಸಿಕ್ಕಾಗ ಪಕ್ಕದಲ್ಲಿ ಕೂತು ಕೇಳಿ, ‘ಕಾಕಾ, ಹೋದ ಕಾಲು ಈಗೂ ನೋಯ್ತದೇನ್ರಿ?’ ಅಂತ. ಹೌದು ಅಂದ್ರೆ, ಈ ಸಂಚಿಕೆಯನ್ನ ನಿಮ್ಮ ಫೋನಲ್ಲೇ ಅವರಿಗೆ ಕೇಳಿಸಿ. ಮುಂದಿನ ವಾರ ಸಿಗೋಣ.